ಮಿಕ್ಕವರು ಹೊರಗೆ

ಡಾಕ್ಟರಮ್ಮ ಆಪರೇಷನ್ನಿನ ಮಾತು ತೆಗೆದಾಗ ನನ್ನ ಬಾಯಿಂದ ಹೊರಟ ಮೊದಲ ಪ್ರಶ್ನೆ ನೋವು ಹೋಗುತ್ತದೆಯೇ ಎಂದಲ್ಲ, ಅಪಾಯವಿದೆಯೇ ಎಂದೂ ಅಲ್ಲ.

"ವಿಡಿಯೋ ಕೊಡ್ತೀರಾ?" ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಪಕ್ಕದಲ್ಲಿದ್ದ ನನ್ನ ಗಂಡ, ಈ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವವನಂತೆ ಗೋಡೆಯ ಕಡೆ ತಿರುಗಿದ. ಅಲ್ಲಿ ಗರ್ಭಕೋಶದ ದೊಡ್ಡ ಬಣ್ಣದ ಚಿತ್ರವಿತ್ತು. ಅದು ಏನೆಂದು ತಿಳಿದೊಡನೆ ಕಣ್ಣನ್ನು ಫ್ಯಾನಿಗೆ ಸಾಗಿಸಿದ. ಸ್ಕೂಲ್ ಬಸ್ಸು ಓಡಿಸುವ ಅವನಿಗೆ ಬಸ್ಸು ತುಂಬ ಮಕ್ಕಳ ಗಲಾಟೆ ತಡೆಯುವ ಶಕ್ತಿಯಿದೆ, ಒಂದು ಸೂಜಿಯ ಚಿತ್ರ ತಡೆಯುವ ಶಕ್ತಿಯಿಲ್ಲ.

"ವಿಡಿಯೋ ಯಾಕೆ?" ಡಾಕ್ಟರಮ್ಮ ಕೇಳಿದರು.

"ತೋರಿಸೋಕೆ. ನಮ್ಮಣ್ಣನಿಗೆ. ಅಮ್ಮನಿಗೆ. ಇಷ್ಟು ವರ್ಷ ನಾಟಕ ಅಂದ್ರಲ್ಲ, ಅವರನ್ನ ಕೂರಿಸಿ ತೋರಿಸ್ಬೇಕು."

ಅವರು ನಗಲಿಲ್ಲ, ಬೈಯಲೂ ಇಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಮತ್ತೆ ಮೊದಲಿನಿಂದ ಹೇಳಿದರು. ಗರ್ಭಕೋಶದ ಒಳಗಡೆ ಇರಬೇಕಾದ ಪದರದಂಥದ್ದೇ ಒಂದು ಹೊರಗಡೆ, ಅಂಡಾಶಯದ ಮೇಲೆ, ಕರುಳಿನ ಮೇಲೆ, ಎಲ್ಲೆಂದರಲ್ಲಿ ಬೆಳೆಯುತ್ತದೆ. ತಿಂಗಳು ತಿಂಗಳು ಅದೂ ಊದಿಕೊಂಡು ರಕ್ತ ಒಸರುತ್ತದೆ, ಆ ರಕ್ತಕ್ಕೆ ಹೊರಗೆ ಹೋಗುವ ದಾರಿಯಿಲ್ಲ. ಅಕ್ಕಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ನನ್ನ ಲಕ್ಷಣಗಳೆಲ್ಲ ಅದನ್ನೇ ಹೇಳುತ್ತಿದ್ದರೂ ಸ್ಕ್ಯಾನಿನಲ್ಲಿ ಖಚಿತವಾಗಿ ಏನೂ ಕಂಡಿರಲಿಲ್ಲ. ಆಗ ತೆಗೆದುಕೊಳ್ಳುತ್ತಿದ್ದ ಮಾತ್ರೆ ನೋವನ್ನು ಅರ್ಧಕ್ಕೆ ಇಳಿಸಿತ್ತು. ಅದನ್ನೇ ಮುಂದುವರಿಸಬಹುದು. ಇಲ್ಲವೇ ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ನೋಡಿ, ಸಿಕ್ಕಿದ್ದನ್ನು ಅಲ್ಲೇ ತೆಗೆಯಬಹುದು.

"ಆದ್ರೆ ಕೇಳಿ," ಎಂದರು. "ಕರುಳಿಗೆ ಅಂಟ್ಕೊಂಡಿದ್ರೆ ಬಿಡಿಸೋವಾಗ ಕರುಳಿಗೆ ಏಟಾಗ್ಬಹುದು. ತೆಗೆದ ಮೇಲೂ ಮತ್ತೆ ಬರಬಹುದು. ಏನೂ ಕಾಣಿಸ್ದೆಯೂ ಇರಬಹುದು. ಕಾಣಿಸ್ಲಿಲ್ಲ ಅಂದ್ರೆ ನಿಮ್ಮ ನೋವು ಸುಳ್ಳು ಅಂತ ಅಲ್ಲ. ಯಾಕೆ ಮಾಡಿಸ್ಕೋತಾ ಇದೀನಿ ಅನ್ನೋದು ನಿಮಗೆ ಸ್ಪಷ್ಟ ಇರ್ಲಿ. ಯೋಚನೆ ಮಾಡಿ ಬನ್ನಿ."

ಯಾಕೆ ಎನ್ನುವುದು ನನಗೆ ಆಗಲೇ ಸ್ಪಷ್ಟವಿತ್ತು. ಸೇಡು ತೀರಿಸಿಕೊಳ್ಳಲು.

ನಮ್ಮದು ಹಳೆಯ ಸೋಫಾ, ಕುರ್ಚಿ ರಿಪೇರಿ ಮಾಡುವ ಅಂಗಡಿ. ಅಪ್ಪ ಶುರು ಮಾಡಿದ್ದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮುಂದಿನ ಮೇಜಿನಲ್ಲಿ ಕೂತ, ಹಿಂದಿನ ಕೆಲಸ ನನ್ನ ಪಾಲಿಗೆ ಬಂತು. ಅಮ್ಮ ಕಿಟಕಿ ಪಕ್ಕದ ಮಷಿನ್ನಿನಲ್ಲಿ ಕವರು ಹೊಲಿಯುತ್ತಾಳೆ.

ಹಳೆಯ ಸೋಫಾದ ಹೊಟ್ಟೆಯಲ್ಲಿ ಏನಿದೆಯೆಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಅದಕ್ಕೆ ಅಪ್ಪ ಒಂದು ಪದ್ಧತಿ ಇಟ್ಟಿದ್ದರು. ತಳದ ಬಟ್ಟೆ ಬಿಚ್ಚುವುದು ಸೋಫಾ ಯಾರದೋ ಅವರ ಕಣ್ಣೆದುರಿಗೇ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಜೊತೆಗೆ ಬಂದ ನೆಂಟರು, ಹೊತ್ತು ತಂದ ಕೂಲಿಯವರು, ಇಣುಕಲು ಬಂದ ಪಕ್ಕದಂಗಡಿಯವರು, ಎಲ್ಲರಿಗೂ "ವಸ್ತು ಯಾರದ್ದೋ ಅವರು ಇರಿ, ಮಿಕ್ಕವರು ಹೊರಗೆ" ಎಂದು ಹೇಳಿ ಬಾಗಿಲು ಎಳೆಯುತ್ತಿದ್ದರು. ಸೋಫಾದೊಳಗೆ ಏನೇನೋ ಬಿದ್ದಿರುತ್ತದೆ. ಬಾಚಣಿಗೆ, ನುಂಗದೆ ಉಗುಳಿದ ಮಾತ್ರೆ, ಯಾರದೋ ಒಂಟಿ ಓಲೆ, ಹರಿದ ಫೋಟೋದ ಅರ್ಧ. "ಇನ್ನೊಬ್ಬರ ಮನೆಯೊಳಗೆ ಇಳಿದ ಹಾಗೆ ಕಣಮ್ಮ, ಸಂತೆ ಸೇರಿಸೋದಲ್ಲ," ಎನ್ನುತ್ತಿದ್ದರು. ಅಣ್ಣನಿಗೂ ನನಗೂ ಈ ಪದ್ಧತಿ ಚಿಕ್ಕಂದಿನಿಂದ ಬಾಯಿಪಾಠ.

ನನ್ನ ಕೆಲಸಕ್ಕೆ ಎರಡು ಕೈಯೂ ಬೇಕು. ಒಂದು ಕೈ ಸೀಟಿನ ತಳಕ್ಕೆ ಬಿಗಿಯುವ ನವಾರಿನ ಪಟ್ಟಿಯನ್ನು ಚೌಕಟ್ಟಿನ ಮೇಲೆ ಜಗ್ಗಿ ಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ. ಮೊಳೆಗೆ ಉಳಿಯುವ ಜಾಗ ಬಾಯಿ. ಒಂದಷ್ಟು ಸಣ್ಣ ಮೊಳೆಯನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತಲೆ ಮುಂದಾಗಿ ತುಟಿಗೆ ತಂದರೆ, ಮೂತಿಯಲ್ಲಿ ಅಯಸ್ಕಾಂತವಿರುವ ಸುತ್ತಿಗೆ ಅದನ್ನು ಎತ್ತಿಕೊಂಡು ಹೋಗುತ್ತದೆ. ಬಾಯಿ ತುಂಬ ಮೊಳೆಯಿದ್ದಾಗ ಮಾತಾಡುವ ಹಾಗಿಲ್ಲ. ನೀನು ಸುಮ್ಮನಿರೋದು ಅದೊಂದೇ ಹೊತ್ತು ಎಂದು ಅಣ್ಣ ಆಡಿಕೊಳ್ಳುತ್ತಿದ್ದ.

ಅವನು ನನಗಿಟ್ಟ ಹೆಸರು ಮಹಾರಾಣಿ. ತಿಂಗಳಿಗೊಮ್ಮೆ ನಾನು ಸೋಫಾದ ಚೌಕಟ್ಟಿನ ಮೇಲೆ ಮಡಚಿಕೊಂಡು ಬಿದ್ದರೆ ಗಿರಾಕಿಗಳ ಎದುರಿಗೇ, "ಮಹಾರಾಣಿಯವರಿಗೆ ಹೊಟ್ಟೆನೋವು ಶುರುವಾಯ್ತು, ಪಲ್ಲಕ್ಕಿ ತರಿಸಿ," ಎನ್ನುತ್ತಿದ್ದ. ಅವರು ನಗುತ್ತಿದ್ದರು. ಅಮ್ಮ ನಗುತ್ತಿರಲಿಲ್ಲ. ಮಷಿನ್ನಿನಿಂದ ಕಣ್ಣು ತೆಗೆಯದೆ, "ಎಲ್ಲಾ ಹೆಣ್ಣುಮಕ್ಕಳಿಗೂ ಆಗೋದೇ ಕಣೇ, ನಿನ್ನೊಬ್ಬಳಿಗಾ? ಸ್ವಲ್ಪ ತಡ್ಕೋ," ಎನ್ನುತ್ತಿದ್ದಳು. ತಡೆದುಕೊಂಡೆ. ಕಕ್ಕಸಿನಲ್ಲಿ ಟವೆಲು ಕಚ್ಚಿಕೊಂಡು ಕೂತು ತಡೆದುಕೊಂಡೆ. ಗಂಡನ ಪಕ್ಕದಲ್ಲಿ ಮಲಗಿ, ಅವನು ಕೈ ಹಾಕಿದರೆ ಏನಾಗುತ್ತದೋ ಎಂದು ಹೆದರಿ ಗೋಡೆಗೆ ತಿರುಗಿ ತಡೆದುಕೊಂಡೆ.

ಹೋದ ವರ್ಷ ಒಂದು ದಿನ ಬಾಯಿ ತುಂಬ ಮೊಳೆಯಿಟ್ಟುಕೊಂಡು ಪಟ್ಟಿ ಬಿಗಿಯುತ್ತಿದ್ದಾಗ ನೋವು ಬಂತು. ಹಲ್ಲು ಕಚ್ಚಿದೆ. ಮೊಳೆ ನಾಲಿಗೆಗೆ ಇಳಿಯಿತು. ಗಲ್ಲದ ಮೇಲೆ ರಕ್ತ ಇಳಿದದ್ದೇ ತಡ, ಅಂಗಡಿ ಅಲ್ಲೋಲಕಲ್ಲೋಲವಾಯಿತು. ಅಮ್ಮ ಕಿರುಚಿದಳು. ಅಣ್ಣ ಗಿರಾಕಿಯನ್ನು ಅರ್ಧ ಮಾತಿನಲ್ಲಿ ಬಿಟ್ಟು ನನ್ನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋಗಿ ಟ್ಯಾಕ್ಸಿಗೆ ಹಾಕಿದ. ದಾರಿಯುದ್ದಕ್ಕೂ ತನ್ನ ಕರ್ಚೀಫನ್ನು ನನ್ನ ಬಾಯಿಗೆ ಒತ್ತಿ ಹಿಡಿದಿದ್ದ. ನಾಲಿಗೆಗೆ ಹೊಲಿಗೆ ಕೂಡ ಬೇಕಾಗಲಿಲ್ಲ. ಆದರೂ ಗಾಯ ಮಾಯುವವರೆಗೆ ದಿನಾ ಐಸ್‌ಕ್ರೀಮು ತಂದುಕೊಟ್ಟ.

ಹೊಟ್ಟೆಯೊಳಗೆ ಕರುಳು ಹಿಂಡುವಾಗ ಪಲ್ಲಕ್ಕಿಯ ಜೋಕು. ನಾಲಿಗೆಯ ಮೇಲಿನ ಚೂರು ರಕ್ತಕ್ಕೆ ಟ್ಯಾಕ್ಸಿ, ಕಿರುಚಾಟ, ಐಸ್‌ಕ್ರೀಮು. ಆ ಐಸ್‌ಕ್ರೀಮನ್ನು ನಾನು ತಿಂದೆ, ಆದರೆ ಮರೆಯಲಿಲ್ಲ. ಕಂಡರೆ ಮಾತ್ರ ನಂಬುವ ಜನಕ್ಕೆ ಕಾಣಿಸುವ ಹಾಗೆ ಒಂದು ದಿನ ಮಾಡುತ್ತೇನೆ ಎಂದು ಆವತ್ತೇ ನಿಶ್ಚಯಿಸಿದೆ.

ನನ್ನ ಯೋಜನೆ ಹೀಗಿತ್ತು. ಅಂಗಡಿಯ ಗೋಡೆಯಲ್ಲಿ ಟಿವಿ ಇದೆ. ಒಂದು ಭಾನುವಾರ ರಿಪೇರಿಯಾದ ಸೋಫಾಗಳನ್ನು ಸಾಲಾಗಿ ಹಾಕಿ, ಅಮ್ಮ, ಅಣ್ಣ, ಅತ್ತಿಗೆ, ಚಿಕ್ಕಮ್ಮ, ಆಡಿಕೊಂಡವರೆಲ್ಲರನ್ನೂ ಕೂರಿಸುವುದು. ಎಲ್ಲರ ಕೈಗೂ ಬಿಸಿ ಟೀ ಕೊಡುವುದು, ಮಧ್ಯೆ ಎದ್ದು ಹೋಗಲು ಆಗಬಾರದು. ಬಾಗಿಲು ಹಾಕಿ ವಿಡಿಯೋ ಹಾಕುವುದು. ಕೋಲು ಹಿಡಿದು ತೋರಿಸುವುದು: ಇದು ಕರುಳು, ಇದು ಅಂಟು, ಇದು ನೀನು ಮಹಾರಾಣಿ ಅಂದ ದಿನದ್ದು. ಅಣ್ಣ ತಲೆ ತಗ್ಗಿಸಿ ಕೂರುವುದನ್ನು ಮನಸ್ಸಿನಲ್ಲಿ ಅದೆಷ್ಟು ಸಲ ನೋಡಿದ್ದೆನೋ, ಅವನ ಕೈಯಲ್ಲಿ ಟೀ ಆರಿ ಕೆನೆಗಟ್ಟುವುದು ಕೂಡ ನನಗೆ ಕಾಣುತ್ತಿತ್ತು.

ಗಂಡನಿಗೆ ಇದು ಹಿಡಿಸಲಿಲ್ಲ. ಆಸ್ಪತ್ರೆಯಿಂದ ಬಂದು ಬಟ್ಟೆ ಮಡಚುತ್ತಾ ಕೇಳಿದ: "ನಾನು ನಂಬಿದೀನಲ್ಲ. ಮೊದಲಿಂದ್ಲೂ ನಂಬಿದೀನಿ. ಅದು ಸಾಲ್ದಾ?"

"ನೀನು ನಂಬೋದ್ರಲ್ಲಿ ಏನು ದೊಡ್ಡಸ್ತಿಕೆ? ನೀನು ಯಾರೇನು ಹೇಳಿದ್ರೂ ನಂಬ್ತೀಯ. ಅವನು ನಂಬ್ಬೇಕು."

ಗಂಡನನ್ನು ಏಕವಚನದಲ್ಲಿ ಕರೆಯುತ್ತೇನೆಂದು ಅಮ್ಮನಿಗೆ ಇವತ್ತಿಗೂ ಬೇಸರ. ಒಂದೇ ಬೀದಿಯಲ್ಲಿ ಜೊತೆಗೆ ಆಡಿ, ಜಗಳವಾಡಿ ಬೆಳೆದವನಿಗೆ ಎಲ್ಲಿಯ ಬಹುವಚನ. ಅವನು ಮಡಚಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದ. ಮನಸ್ಸಿಗೆ ನಾಟಿತೆಂದು ಗೊತ್ತಾಯಿತು. ಆದರೆ ಅವನ ಬೇಜಾರಿಗೆ ಆವತ್ತು ನನ್ನ ಹತ್ತಿರ ಜಾಗವಿರಲಿಲ್ಲ.

ಅಂಗಡಿಯಲ್ಲಿ ವಿಷಯ ಹೇಳಿದಾಗ ಅಣ್ಣ ಕ್ಯಾಲ್ಕ್ಯುಲೇಟರ್ ಒತ್ತುತ್ತಲೇ ಕೇಳಿಸಿಕೊಂಡ. "ಸ್ಕ್ಯಾನಲ್ಲೇ ಏನೂ ಇಲ್ಲ ಅಂತ ಬಂದಿದೆ. ಇನ್ನೇನು ಹುಡುಕ್ಬೇಕಂತೆ, ನಿಧಿನಾ? ಅದೂ ಅಲ್ದೆ ಮುಂದಿನ ತಿಂಗಳು ಸಿನಿಮಾ ಥಿಯೇಟರಿನ ಸೀಟುಗಳು ಬರ್ತವೆ. ಆಗ ಮಲಗಿಬಿಟ್ರೆ ಮಾಡೋರು ಯಾರು?"

"ಚೆನ್ನಾಗಿರೋ ಹೊಟ್ಟೆಗೆ ಯಾಕೇ ಕತ್ತರಿ ಹಾಕಿಸ್ಕೋತೀಯ?" ಎಂದಳು ಅಮ್ಮ. "ಇನ್ನೂ ಒಂದು ಮಗೂನೂ ಆಗಿಲ್ಲ ನಿಂಗೆ."

ಚೆನ್ನಾಗಿರೋ ಹೊಟ್ಟೆ. ಆ ಮಾತು ನನ್ನ ಕಿವಿಯಲ್ಲಿ ಇಡೀ ದಿನ ಕೂತಿತ್ತು.

ಅದೇ ವಾರ ಸಂಗೀತದ ಮೇಡಂ ಒಬ್ಬರು ಬಂದರು. ವಯಸ್ಸಾದವರು, ದಿನವಿಡೀ ಒಂದೇ ಕುರ್ಚಿಯಲ್ಲಿ ಕೂತು ಮಕ್ಕಳಿಗೆ ಪಾಠ ಹೇಳುವವರು. ಆ ಕುರ್ಚಿಯನ್ನೇ ಹೊರಿಸಿಕೊಂಡು ಬಂದಿದ್ದರು. "ಕೂತ್ರೆ ಎಡಗಡೆ ಸೊಂಟ ಹಿಡ್ಕೊಳ್ಳುತ್ತೆ," ಎಂದರು. "ಇಬ್ಬರು ನೋಡಿದ್ರು, ಕುರ್ಚೀಲಿ ಏನೂ ಇಲ್ಲ, ಎಲ್ಲಾ ನಿಮ್ಮ ವಯಸ್ಸಿಂದೇ ಅಂದ್ರು. ನಾನು ಕೂರೋ ಕುರ್ಚಿ ನಂಗೆ ಗೊತ್ತಿಲ್ವಾ?"

ಅಣ್ಣ ಅಂಗೈಯಿಂದ ಸೀಟನ್ನು ಒತ್ತಿ ನೋಡಿದ. "ಸ್ಪಂಜು ಕುಗ್ಗಿದೆ ಅಷ್ಟೇ ಮೇಡಂ. ಹೊಸ ಸ್ಪಂಜು, ಹೊಸ ಬಟ್ಟೆ ಹಾಕಿದ್ರೆ ಸಿಂಹಾಸನ ಆಗುತ್ತೆ."

ನಾನು ಹಿಂದಿನಿಂದ ಬಂದು ಕುರ್ಚಿಯ ತೋಳು ಹಿಡಿದು ಅಲ್ಲಾಡಿಸಿದೆ. ಎಡಗಡೆ ತಳದಲ್ಲಿ ಸಣ್ಣಗೆ ಕಿರ್ ಎಂದಿತು. "ಒಳಗೆ ಮರ ಬಿಟ್ಟಿದೆ," ಎಂದೆ.

"ಏನೂ ಬಿಟ್ಟಿಲ್ಲ."

"ಬಿಚ್ಚಿ ನೋಡೋಣ."

ಅಪ್ಪನ ಪದ್ಧತಿಗೆ ಅಣ್ಣ ಇಲ್ಲವೆನ್ನುವ ಹಾಗಿರಲಿಲ್ಲ. ಕೂಲಿಯವರನ್ನೂ ಮೇಡಂ ಜೊತೆ ಬಂದಿದ್ದ ಶಿಷ್ಯೆಯನ್ನೂ ಹೊರಗೆ ಕಳಿಸಿ ಬಾಗಿಲು ಎಳೆದೆ. ಮೇಡಂ ಸ್ಟೂಲಿನ ಮೇಲೆ ಕೂತರು. ಅಣ್ಣ ಕೈ ಕಟ್ಟಿ ನಿಂತ. ಅಮ್ಮ ಮಷಿನ್ನು ನಿಲ್ಲಿಸಿ ನೋಡುತ್ತಿದ್ದಳು. ಕುರ್ಚಿಯನ್ನು ಬೋರಲು ಹಾಕಿದಾಗ ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ನನ್ನ ಭಾನುವಾರದ ಪ್ರದರ್ಶನಕ್ಕೆ ಇದು ರಿಹರ್ಸಲ್ ಅನ್ನಿಸಿತು.

ತಳದ ಕಪ್ಪು ಬಟ್ಟೆಯ ಮೊಳೆ ಕಿತ್ತು, ಗೋಣಿಬಟ್ಟೆ ಸರಿಸಿ, ಒಳಗೆ ಟಾರ್ಚು ಬಿಟ್ಟೆ. ಎಡ ಮೂಲೆಯಲ್ಲಿ ಅಡ್ಡಮರ ಉದ್ದಕ್ಕೂ ಸೀಳಿತ್ತು. ಸೀಳಿನೊಳಗೆ ವರ್ಷಗಳ ಧೂಳು ಕೂತು ಕಪ್ಪಗಾಗಿತ್ತು.

"ನೋಡು," ಎಂದೆ. ಆ ಒಂದು ಮಾತನ್ನು ಅವನಿಗೆ ಹೇಳಲು ಎಷ್ಟು ವರ್ಷ ಕಾದಿದ್ದೆನೋ.

ಅಣ್ಣ ಬಗ್ಗಿ ನೋಡಿದ. ಸೀಳಿನ ಮೇಲೆ ಬೆರಳಾಡಿಸಿದ. ಬೆರಳ ತುದಿ ಕಪ್ಪಾಯಿತು. ಆ ಬೆರಳನ್ನು ಅವನೂ ನೋಡಿದ, ನಾನೂ ನೋಡಿದೆ. ಆಮೇಲೆ ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ನಿಂತ.

"ಈಗ ನೀನು ಮೊಳೆ ಕೀಳೋವಾಗ ಸೀಳಿದ್ದು," ಎಂದ.

"ಅಮ್ಮಾ, ನೀನು ಬಂದು ನೋಡು," ಎಂದೆ. ಅಮ್ಮ ಕುರ್ಚಿಯ ಕಡೆ ನೋಡಿದಳು, ಅಣ್ಣನ ಕಡೆ ನೋಡಿದಳು. "ಗಿರಾಕಿ ಮುಂದೆ ಜಗಳ ಬೇಡ ಕಣೇ," ಎಂದು ಮಷಿನ್ನು ತುಳಿಯತೊಡಗಿದಳು.

ಮೇಡಂ ಸ್ಟೂಲಿನಿಂದ ಎದ್ದರು. "ಯಾವಾಗ ಸೀಳ್ತು ಅನ್ನೋದು ನಿಮ್ಮಿಬ್ಬರ ಜಗಳ. ನಂಗೆ ನಿಮ್ಮಣ್ಣನ ಒಪ್ಪಿಗೆ ಏನೂ ಬೇಕಿಲ್ಲ. ಕೂತ್ಕೊಳ್ಳೋಳು ನಾನು. ಸರಿ ಮಾಡ್ತೀಯೋ ಇಲ್ವೋ ಹೇಳಮ್ಮ," ಎಂದರು. ಸರಿ ಮಾಡುತ್ತೇನೆ ಎಂದೆ.

ಮಧ್ಯಾಹ್ನವೆಲ್ಲ ಆ ಕುರ್ಚಿಗೆ ಹೊಸ ಅಡ್ಡಮರ ಕೂರಿಸುತ್ತಾ ಕುದಿದೆ. ಅಣ್ಣ ಸುಳ್ಳು ಹೇಳಿದ್ದಕ್ಕಲ್ಲ, ಅದು ಹೊಸದಲ್ಲ. ಅವನು ನೋಡಿದ್ದ. ಧೂಳು ಬೆರಳಿಗೆ ಹತ್ತಿದ್ದನ್ನು ನೋಡಿಯೇ ಒರೆಸಿಕೊಂಡಿದ್ದ. ಕಾಣದ್ದರಿಂದ ನಂಬುತ್ತಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಹಾಗಲ್ಲ, ನಂಬಿದರೆ ಅವನಿಗೆ ಕೆಲಸ ಹೆಚ್ಚು, ನಾಚಿಕೆ ಹೆಚ್ಚು, ಅದಕ್ಕೆ ನಂಬುತ್ತಿಲ್ಲ. ಅಂಥವನನ್ನು ಟಿವಿ ಮುಂದೆ ಕೂರಿಸಿ ಟೀ ಕೊಟ್ಟರೆ ಏನು ಹೇಳುತ್ತಾನೆಂದು ನನಗೆ ಅವನ ದನಿಯಲ್ಲೇ ಕೇಳಿಸಿತು: "ಆಸ್ಪತ್ರೆಯೋರು ಎಲ್ಲರಿಗೂ ಇದೇ ವಿಡಿಯೋ ಕೊಡ್ತಾರೆ." ಇಲ್ಲವೇ, "ಅವರು ಕುಯ್ಯೋವಾಗ ಆದ ಗಾಯ ಅದು."

ಭಾನುವಾರದ ನನ್ನ ಪ್ರದರ್ಶನ ಅಲ್ಲಿಗೆ ಮುಗಿಯಿತು. ಹಾಗಾದರೆ ಆಪರೇಷನ್ ಯಾಕೆ?

ಸಂಜೆ ಮನೆಗೆ ಹೋಗದೆ ಸೀದಾ ಬಸ್ಸು ನಿಲ್ಲಿಸುವ ಜಾಗಕ್ಕೆ ಹೋದೆ. ಗಂಡ ಬಸ್ಸಿನೊಳಗೆ ಕಸ ಗುಡಿಸುತ್ತಿದ್ದ. ಮುಂದಿನ ಗಾಜಿನ ಕೆಳಗೆ ಮಕ್ಕಳು ಬಿಟ್ಟುಹೋದ ನೀರಿನ ಬಾಟಲಿ, ಹೇರ್‌ಕ್ಲಿಪ್ಪು, ಒಂದೇ ಒಂದು ಕಾಲುಚೀಲ ಸಾಲಾಗಿ ಇದ್ದವು. ಮಕ್ಕಳ ಸೀಟಿನಲ್ಲಿ ಕೂತೆ, ಮೊಣಕಾಲು ಮುಂದಿನ ಸೀಟಿಗೆ ಒತ್ತಿತು. ನಡೆದದ್ದೆಲ್ಲ ಹೇಳಿದೆ.

"ಹಾಗಾದ್ರೆ ಆಪರೇಷನ್ ಬೇಡ್ವಾ?" ಎಂದ.

"ಗೊತ್ತಿಲ್ಲ."

ಅವನು ಪೊರಕೆ ಊರಿಕೊಂಡು ನಿಂತ. "ಒಂದು ಕೇಳ್ಲಾ? ಬೈಬೇಡ. ನಿಂಗೆ ಅಣ್ಣ ಅಂತ ಒಬ್ಬ ಹುಟ್ಟೇ ಇಲ್ದಿದ್ರೆ ಏನ್ ಮಾಡ್ತಿದ್ದೆ?"

"ಸುಖವಾಗಿ ಇರ್ತಿದ್ದೆ."

"ಅದು ಸರಿ. ಹೊಟ್ಟೆಗೆ ಏನ್ ಮಾಡ್ತಿದ್ದೆ?"

ಸಿಟ್ಟು ಬಂತು. ನನ್ನ ಹೊಟ್ಟೆಯ ಬಗ್ಗೆ ಯೋಚಿಸುವಾಗೆಲ್ಲ ಅಣ್ಣನ ಮುಖ ಅಡ್ಡ ಬರುತ್ತಿತ್ತು. ಅವನನ್ನು ಪಕ್ಕಕ್ಕೆ ತಳ್ಳಿ ನೋಡಿದೆ. ಮಾತ್ರೆ ಅರ್ಧ ನೋವು ತೆಗೆದಿತ್ತು, ಉಳಿದ ಅರ್ಧವೂ ನೋವೇ. ಮಾತ್ರೆ ನುಂಗುವಷ್ಟು ಕಾಲ ಮಗುವಿನ ಯೋಚನೆ ಮಾಡುವ ಹಾಗಿಲ್ಲ. ಪಟ್ಟಿ ಜಗ್ಗುವ ಮೊದಲು ಪ್ರತಿಸಲವೂ ಉಸಿರು ಬಿಗಿಹಿಡಿದು, ಈ ಸಲ ಏನಾಗುತ್ತದೋ ಎಂದು ಕಾಯುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಕೆಲಸದ ಭಾಗವೆಂದೇ ಅಂದುಕೊಂಡಿದ್ದೆ. ಅದಿಲ್ಲದ ಒಂದು ದಿನ ಬೇಕೆನಿಸಿತು. ಅದರ ಹಿಂದೆಯೇ ಹೆದರಿಕೆಯೂ ಬಂತು. ಕರುಳಿಗೆ ಏಟಾದರೆ ಎಂಬ ಹೆದರಿಕೆ ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದು.

"ಬಿಚ್ಚಿ ನೋಡಿ ಏನೂ ಸಿಗ್ಲಿಲ್ಲ ಅಂದ್ರೆ?" ಎಂದೆ.

"ಸಿಗ್ಲಿಲ್ಲ ಅಂದ್ರೆ ಇವತ್ತು ನಂಬಿರೋದನ್ನೇ ನಾಳೆನೂ ನಂಬ್ತೀನಿ." ಅವನು ಮತ್ತೆ ಗುಡಿಸತೊಡಗಿದ. "ಅದ್ರಲ್ಲಿ ನಂದೇನೂ ದೊಡ್ಡಸ್ತಿಕೆ ಇಲ್ವಲ್ಲ."

ನನ್ನ ಮಾತನ್ನು ಇಷ್ಟು ದಿನ ಜೋಪಾನವಾಗಿಟ್ಟುಕೊಂಡಿದ್ದು ಸರಿಯಾದ ಹೊತ್ತಿಗೆ ನನಗೇ ತಿರುಗಿಸಿ ಕೊಟ್ಟಿದ್ದ. ಸೇಡು ತೀರಿಸಿಕೊಳ್ಳುವುದರಲ್ಲಿ ನನಗಿಂತ ಗಟ್ಟಿಗ. ನಕ್ಕೆ, ನಗುವಾಗ ಹೊಟ್ಟೆ ಹಿಡಿದುಕೊಂಡೆ, ಆಮೇಲೆ ಅತ್ತೆ. ಅವನು ಕಾಲುಚೀಲ ಕೊಡಲು ಬಂದು, ಅದು ಯಾರದೋ ಮಗುವಿನದು ಎಂದು ನೆನಪಾಗಿ ತನ್ನ ಅಂಗಿಯ ತುದಿಯನ್ನೇ ಕೊಟ್ಟ.

"ಮಾಡಿಸ್ಕೋತೀನಿ," ಎಂದೆ. "ನಂಗೋಸ್ಕರನೇ ಮಾಡಿಸ್ಕೋತೀನಿ. ಆದ್ರೆ ತಾರೀಖು ಮಾತ್ರ ಅಣ್ಣನಿಗೋಸ್ಕರ."

ಡಾಕ್ಟರಮ್ಮ ಬೇರೆ ಬೇರೆ ದಿನ ಹೇಳಿದರು. ನಾನು ಆರಿಸಿಕೊಂಡದ್ದು ಥಿಯೇಟರಿನ ಸೀಟುಗಳು ಬಂದು ಬೀಳುವ ವಾರ. ಅವರಿಗೆ ಒಂದು ಷರತ್ತನ್ನೂ ಹಾಕಿದೆ: "ಏನು ಸಿಕ್ಕಿದ್ರೂ, ಸಿಗದಿದ್ರೂ, ನಂಗೆ ಮಾತ್ರ ಹೇಳಿ."

"ನಿಮ್ಮ ಗಂಡನಿಗೆ?"

"ಅವನಿಗೆ ನಿಲ್ಲಿಸ್ಕೊಂಡು ಹೇಳಿದ್ರೆ ಬಿದ್ದು ಹೋಗ್ತಾನೆ. ನಾನೇ ಕೂರಿಸ್ಕೊಂಡು ಹೇಳ್ತೀನಿ."

ಅವರು ಆ ದಿನ ಮೊದಲ ಸಲ ನಕ್ಕರು.

ಎಚ್ಚರವಾದಾಗ ಗಂಟಲು ಒಣಗಿತ್ತು, ಹೊಟ್ಟೆ ಬಿಗಿದುಕೊಂಡಿತ್ತು, ಯಾಕೋ ಭುಜ ನೋಯುತ್ತಿತ್ತು. ಡಾಕ್ಟರಮ್ಮ ಕಿವಿಯ ಹತ್ತಿರ ಬಗ್ಗಿದರು. "ಇತ್ತು," ಎಂದರು. "ಬೇಕಾದಷ್ಟಿತ್ತು. ಗರ್ಭಕೋಶದ ಹಿಂಭಾಗ ಕರುಳಿಗೆ ಅಂಟಿತ್ತು, ಬಿಡಿಸಿದೀವಿ. ಒಂದು ಚೂರು ಮಾತ್ರ ಬಿಟ್ಟಿದೀವಿ, ಅಲ್ಲಿ ಕೈ ಹಾಕೋದು ಅಪಾಯ ಇತ್ತು. ಮುಂದೆ ಮತ್ತೆ ಬಂದ್ರೆ ನೋಡೋಣ. ಈಗ ಮಲಗಿ." ನನ್ನ ಕಣ್ಣಿಂದ ನೀರು ಇಳಿದು ಕಿವಿಗೆ ಹೋಯಿತು. ಅಷ್ಟು ಕೆಟ್ಟ ಸುದ್ದಿಗೆ ಅಷ್ಟು ಸಂತೋಷಪಟ್ಟವರನ್ನು ಆ ವಾರ್ಡು ನೋಡಿರಲಿಕ್ಕಿಲ್ಲ.

ಅಮ್ಮ ಬಂದಿದ್ದಳು. ಕಾರಿಡಾರಿನ ಬೆಂಚಿನಲ್ಲಿ ಬೆಳಗಿನಿಂದ ಕೂತಿದ್ದಳಂತೆ. ಡಾಕ್ಟರಮ್ಮ ಹೊರಗೆ ಹೋದೊಡನೆ ಎದ್ದು, ಒಳಗೆ ಏನಿತ್ತು ಎಂದು ಕೇಳಿದಳಂತೆ. "ನಿಮ್ಮ ಮಗಳನ್ನೇ ಕೇಳಿ," ಎಂದು ಅವರು ಮುಂದೆ ಹೋದರಂತೆ. ಅಮ್ಮ ನನ್ನ ಮಂಚದ ಬಳಿ ಬಂದು ನಿಂತು, ಹೊದಿಕೆ ಸರಿಮಾಡಿದಳು. ನಾನು ಕಣ್ಣು ಮುಚ್ಚಿಕೊಂಡೆ.

ವಿಡಿಯೋ ಇರುವ ಪೆನ್‌ಡ್ರೈವ್ ಸಿಕ್ಕಿತು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ನೋಡಿದೆ. ಗಂಡ ಆಚೆ ಕಡೆ ನಿಂತು "ಮುಗೀತಾ? ಮುಗೀತಾ?" ಎನ್ನುತ್ತಿದ್ದ. ನಸುಗೆಂಪು, ಒದ್ದೆ, ಬೆಳಕಿಗೆ ಹೊಳೆಯುವ ನನ್ನದೇ ಒಳಗು. ಅದರ ಮೇಲೆ ಸುಟ್ಟ ಕಲೆಯ ಹಾಗೆ ಕಪ್ಪು ನೀಲಿ ಚುಕ್ಕೆಗಳು. ಒಂದು ಕಡೆ ಎರಡು ಅಂಗ ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತವೆ ಎಂದೇ ತಿಳಿಯದಂತೆ ಅಂಟಿಕೊಂಡಿದ್ದವು. ಸಣ್ಣ ಇಕ್ಕಳವೊಂದು ಬಂದು ನಿಧಾನವಾಗಿ, ಬಟ್ಟೆ ಹರಿಯದ ಹಾಗೆ ಹಳೆಯ ಹೊಲಿಗೆ ಬಿಚ್ಚುವವರಂತೆ, ಅವುಗಳನ್ನು ಬೇರೆ ಮಾಡಿತು. "ಹೌದು," ಎಂದೆ, ಗಟ್ಟಿಯಾಗಿ. ಇನ್ಯಾರೂ ಹೇಳಬೇಕಾಗಿರಲಿಲ್ಲ.

ಡಾಕ್ಟರಮ್ಮ ಒಪ್ಪಿಗೆ ಕೊಟ್ಟ ಮೇಲೆ ಅಂಗಡಿಗೆ ಹೋದೆ. ಬಾಗಿಲಿನಿಂದ ಗೋಡೆಯವರೆಗೆ ಥಿಯೇಟರಿನ ಸೀಟುಗಳು ಬೆಟ್ಟದಂತೆ ಬಿದ್ದಿದ್ದವು. ಅಣ್ಣನ ಹೆಬ್ಬೆರಳು ಸುತ್ತಿಗೆ ಏಟು ತಿಂದು ನೀಲಿಗಟ್ಟಿತ್ತು. ಅಷ್ಟೇ ಅಲ್ಲ. ನನ್ನ ಹಾಗೆ ಬಾಯಲ್ಲಿ ಮೊಳೆಯಿಟ್ಟುಕೊಂಡು ಕೆಲಸ ಮಾಡಲು ಹೋಗಿ, ಫೋನಿನಲ್ಲಿ ಥಿಯೇಟರಿನವನಿಗೆ ಉತ್ತರ ಕೊಡುವ ಭರದಲ್ಲಿ ಒಂದು ಮೊಳೆ ನುಂಗಿದ್ದನಂತೆ. ಎಕ್ಸ್‌ರೇ ತೆಗೆಸಿ, ತಾನಾಗಿ ಹೊರಗೆ ಬರುವವರೆಗೆ ಬಾಳೆಹಣ್ಣು ತಿಂದುಕೊಂಡು ಮಲಗಿದ್ದನಂತೆ. ಹೊಟ್ಟೆ ಚುಚ್ಚುತ್ತದೆ ಎಂದು ಅಂಗಡಿ ಬಾಗಿಲೇ ತೆಗೆಯಲಿಲ್ಲವಂತೆ. ಇದನ್ನು ಅತ್ತಿಗೆ ನನಗೆ ಫೋನಿನಲ್ಲಿ ಹೇಳುವಾಗ ಹೊಲಿಗೆ ಬಿಚ್ಚಿಹೋಗುತ್ತದೆಂದು ದಿಂಬು ಹೊಟ್ಟೆಗೆ ಒತ್ತಿಕೊಂಡು ನಕ್ಕಿದ್ದೆ.

"ಪಲ್ಲಕ್ಕಿ ತರಿಸ್ಬೇಕಿತ್ತು," ಎಂದೆ ಅಣ್ಣನಿಗೆ.

ಅವನು ಕೇಳಿಸದವನಂತೆ ಮಾಡಿದ. ಸ್ವಲ್ಪ ಹೊತ್ತು ಅದೂ ಇದೂ ಜೋಡಿಸಿ, ಆಮೇಲೆ ಟಿವಿ ಒರೆಸಿದ. ಸ್ಟೂಲು ಎಳೆದು ಅದರ ಮುಂದೆ ಹಾಕಿಕೊಂಡು ಕೂತ. "ವಿಡಿಯೋ ಕೊಟ್ಟಿದಾರಂತಲ್ಲ," ಎಂದ. "ಹಾಕು. ಏನಿತ್ತು ಅಂತ ನಮಗೂ ಗೊತ್ತಾಗ್ಲಿ." ದನಿ ಮೆತ್ತಗಿತ್ತು. ನಿಜವಾಗಿಯೂ ನೋಡಬೇಕೆಂದಿದ್ದ.

ಅಮ್ಮನೂ ಮಷಿನ್ನು ಬಿಟ್ಟು ಬಂದಳು. ಕೈಯಲ್ಲಿ ಕನ್ನಡಕ ಹಿಡಿದಿದ್ದಳು, ಅದನ್ನು ಸೆರಗಿಗೆ ಒರೆಸಿ ಹಾಕಿಕೊಂಡಳು. "ನಾನೂ ನೋಡ್ತೀನಿ ಕಣೇ. ಆವತ್ತಿಂದ ನಂಗೆ ನಿದ್ದೆ ಇಲ್ಲ. ಒಳಗೆ ಏನಿತ್ತು? ಹೇಳೇ."

ನಾನು ಕನಸು ಕಂಡ ಭಾನುವಾರ ತಾನಾಗಿ ನಡೆದುಕೊಂಡು ಬಂದು ನನ್ನ ಮುಂದೆ ಕೂತಿತ್ತು. ಪೆನ್‌ಡ್ರೈವ್ ಜೇಬಿನಲ್ಲೇ ಇತ್ತು. ತೋರಿಸಿದ್ದರೆ ಈ ಸಲ ಅವರು ನಂಬುತ್ತಿದ್ದರೇನೋ. ನನಗೆ ಅದು ಬೇಕಾಗಿರಲಿಲ್ಲ.

"ಅಣ್ಣ, ಬಿಚ್ಚೋವಾಗ ಯಾರಿರ್ಬೇಕು ಅಂತಿದ್ರು ಅಪ್ಪ?"

ಅವನಿಗೆ ಅರ್ಥವಾಗಲಿಲ್ಲ. "ವಸ್ತು ಯಾರದ್ದೋ ಅವರು," ಎಂದ.

"ಮಿಕ್ಕವರು?"

ಟಿವಿಯ ಕಪ್ಪು ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು. ಉತ್ತರ ಹೇಳಿದವಳು ಅಮ್ಮ, ಅದೂ ನೆಲ ನೋಡಿಕೊಂಡು.

"ಹೊರಗೆ," ಎಂದಳು.

ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಮ್ಮನ ಮುಖ ನೋಡಿ ಎದೆಯಲ್ಲಿ ಏನೋ ಚುಚ್ಚಿತು, ಅದೂ ನಿಜ. ಆದರೂ ಖುಷಿಯೇ ಹೆಚ್ಚಿತ್ತು.

ಡಬ್ಬಿಯಿಂದ ಒಂದಷ್ಟು ಮೊಳೆ ತೆಗೆದು ಬಾಯಿಗೆ ಹಾಕಿಕೊಂಡೆ. ಮೇಲಿದ್ದ ಸೀಟನ್ನು ಎಳೆದು ಬೋರಲು ಹಾಕಿದೆ. "ನಂಗಾದ್ರೂ ಹೇಳೇ, ತುಂಬಾ ನೋವಿತ್ತಾ?" ಎಂದು ಅಮ್ಮ ಹಿಂದಿನಿಂದ ಕೇಳುತ್ತಿದ್ದಳು. ಬಾಯಿ ತುಂಬ ಮೊಳೆಯಿತ್ತು, ಮಾತಾಡುವ ಹಾಗಿರಲಿಲ್ಲ. ಪಟ್ಟಿ ಹಿಡಿದು ಪೂರ್ತಿ ಜಗ್ಗಿದೆ. ಉಸಿರು ಬಿಗಿಹಿಡಿಯುವುದನ್ನು ಮರೆತಿದ್ದೆನೆಂದು ಮೊದಲ ಮೊಳೆ ಹೊಡೆದ ಮೇಲೆ ಗೊತ್ತಾಯಿತು.